ವರ್ಷಕ್ಕೊಮ್ಮೆಯಾದರೂ ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಬೇಕು

ಬೆಳಗ್ಗೆಯಿಂದ ಮನಸ್ಸು ಸರಿಯಿಲ್ಲ. ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಒಂದು ಹಳೇ ಜಾವಾ ಬೈಕು ಮಾರಾಟಕ್ಕಿದೆ, ನೋಡ್ಕೊಂಡು ಬನ್ನಿ ಅಂತ ಗೆಳೆಯರೊಬ್ಬರು ನಂಬರ್ ಕಳಿಸಿದ್ದರು. ‘ಎ ಟೈಪ್, ಹಳೇ ಎಂವೈ ನಂಬರ್, ಮುಕ್ಕಾಲು ಕೆಲಸ ಮುಗಿದಿದೆ’ ಅಂತ ಬರೆದಿತ್ತು. ಎ ಟೈಪ್ ಅಂದರೆ ಜಾವಾದ ಒಂದು ಹಳೇ ಮಾಡೆಲ್ಲು, ಎಂವೈ ಅಂದರೆ ಮೈಸೂರು ರಾಜ್ಯದ ಕಾಲದ ನೋಂದಣಿ ಅಕ್ಷರ. ಹೋದೆ. ಹುಡುಗ ಒಳ್ಳೆಯವನು, ಕೂರಿಸಿ ಕಾಫಿ ಕೊಟ್ಟ. ಆಮೇಲೆ ಕಾರ್ ಶೆಡ್ಡಿನ ಮೂಲೆಗೆ ಕರೆದುಕೊಂಡು ಹೋಗಿ ಗೋಣಿಚೀಲಗಳ ಬಾಯಿ ಬಿಚ್ಚಿದ. ಒಂದರಲ್ಲಿ ಎಂಜಿನ್ ಕೇಸುಗಳು. ಒಂದರಲ್ಲಿ ಮಡ್‌ಗಾರ್ಡ್, ಚೈನ್ ಕವರ್, ತುಕ್ಕು ಹಿಡಿದ ಸೈಲೆನ್ಸರ್. ಇನ್ನೊಂದರಲ್ಲಿ ನಟ್ಟು, ಬೋಲ್ಟು, ವಾಷರ್, ಸ್ಪ್ರಿಂಗು ಎಲ್ಲ ಒಟ್ಟಿಗೆ. ಚಾಸಿ ಮಾತ್ರ ಹೊಸ ಮರೂನ್ ಪೇಂಟಿನಲ್ಲಿ ಫಳಫಳ ಅಂತ ಗೋಡೆಗೆ ಒರಗಿತ್ತು. ಮುಕ್ಕಾಲು ಕೆಲಸ ಅಂದರೆ ಅದು.

“ಯಾಕಪ್ಪಾ ಮಾರ್ತಾ ಇದೀಯ?” ಅಂದೆ.

“ಸಾಕಾಯ್ತು ಅಂಕಲ್. ದುಡ್ಡೂ ಹೋಯ್ತು, ಇಂಟರೆಸ್ಟೂ ಹೋಯ್ತು.”

ಆ ಹುಡುಗನ ಮೇಲೆ ನನಗೆ ಖಂಡಿತ ಕೋಪವಿಲ್ಲ. ಶುರುವಿನಲ್ಲೇ ಅವನಿಗೆ ‘ಫುಲ್ ಬಿಚ್ಚಾಕು, ಜೀರೋದಿಂದ ಮಾಡು’ ಅಂತ ಹೇಳಿಕೊಟ್ಟವರ ಮೇಲೆ ಕೋಪ. ಅರ್ಧ ನಿಮಿಷದ ವಿಡಿಯೋದಲ್ಲಿ ಈ ಕಡೆ ತುಕ್ಕು ಗಾಡಿ, ಆ ಕಡೆ ಹೊಳೆಯುವ ಗಾಡಿ ತೋರಿಸಿ, ನಡುವಿನ ಮೂರು ವರ್ಷವನ್ನು ನುಂಗಿಹಾಕುವವರ ಮೇಲೆ ಕೋಪ. ಎಷ್ಟು ಒಳ್ಳೆಯ ಗಾಡಿಗಳು ಹೀಗೆ ಚೀಲ ಸೇರಿ, ಅಲ್ಲಿಂದ ಗುಜರಿ ಸೇರಿದವು! ನೋಡಿ ನೋಡಿ ಹೊಟ್ಟೆ ಉರಿಯುತ್ತೆ.

ನನ್ನ ಗಾಡಿಯ ಕಥೆ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಅದೂ ಎ ಟೈಪೇ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಹೊರಬಂದ ಗಾಡಿ, ನಮ್ಮೂರಿನದೇ ಮಗು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, ಮಹಾರಾಜರು ಜಯಚಾಮರಾಜ ಒಡೆಯರ್ ಬಂದು ಕಾರ್ಖಾನೆ ಉದ್ಘಾಟಿಸಿದರು. 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿಗಳು ಬಂದವು. 1996ರಲ್ಲಿ ಬಾಗಿಲು ಹಾಕಿತು. ಅಂದರೆ ಕಂಪನಿಯ ಅಸಲಿ ಪಾರ್ಟ್ಸ್ ಬರುವುದು ನಿಂತು ಎಷ್ಟು ಕಾಲವಾಯಿತು ಅಂತ ಲೆಕ್ಕ ಹಾಕಿ. ಈಗ ಸಿಗುವುದೆಲ್ಲ ಯಾರದೋ ಅಟ್ಟದ ಮೇಲೆ ಉಳಿದ ಹಳೇ ಸ್ಟಾಕು, ಇಲ್ಲವೇ ಡ್ಯೂಪ್ಲಿಕೇಟು. ಇಂಥ ಗಾಡಿಯನ್ನು ಒಂದೇ ಏಟಿಗೆ ಪೂರ್ತಿ ಬಿಚ್ಚಿದರೆ ಏನಾಗುತ್ತದೆ? ಎಲ್ಲ ಪಾರ್ಟೂ ಒಟ್ಟಿಗೆ ಬೇಕಾಗುತ್ತದೆ. ಲೇತಿನವರಿಗೆ ಅಡ್ವಾನ್ಸ್, ಪ್ಲೇಟಿಂಗಿನವರಿಗೆ ಅಡ್ವಾನ್ಸ್, ಪೇಂಟರಿಗೆ ಅಡ್ವಾನ್ಸ್, ಸೀಟ್ ಹೊಲಿಯುವವರಿಗೆ ಅಡ್ವಾನ್ಸ್. ಕೈಯಲ್ಲಿದ್ದ ದುಡ್ಡು ನಾಲ್ಕು ಕಡೆ ಹಂಚಿಹೋಗುತ್ತದೆ, ಒಂದು ಕಡೆಯೂ ಕೆಲಸ ಮುಗಿಯುವುದಿಲ್ಲ.

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಎರಡು ಚಕ್ರದ ಮೇಲೆ ನಿಂತಿರುವವರೆಗೆ ಅದು ಗಾಡಿ. ಹ್ಯಾಂಡಲ್ ಹಿಡಿದು ಅಂಗಳಕ್ಕೆ ತರಬಹುದು, ಒರೆಸಬಹುದು, ಮೇಲೆ ಕೂತು ಸುಮ್ನೆ ಕ್ಲಚ್ ಒತ್ತಿ ನೋಡಬಹುದು. ಚೀಲದೊಳಗೆ ಹೋದಮೇಲೆ ಅದು ಸಾಮಾನು. ಸಾಮಾನಿನ ಮೇಲೆ ಯಾರಿಗೆ ಪ್ರೀತಿ ಬರುತ್ತೆ? ಶೆಡ್ಡಿನ ಬಾಗಿಲು ತೆಗೆದಾಗಲೆಲ್ಲ ಬಾಕಿ ಕೆಲಸವೊಂದೇ ಕಣ್ಣಿಗೆ ಬೀಳುತ್ತದೆ. ಎರಡು ತಿಂಗಳಾದ ಮೇಲೆ ಬಾಗಿಲು ತೆಗೆಯುವುದೇ ಬೇಡ ಅನ್ನಿಸುತ್ತದೆ. ಉತ್ಸಾಹ ಹೋಯಿತು ಅಂತ ಹುಡುಗರು ತಮ್ಮನ್ನೇ ಬೈದುಕೊಳ್ಳುತ್ತಾರೆ. ತಪ್ಪು ಅವರ ಉತ್ಸಾಹದ್ದಲ್ಲ ಸ್ವಾಮಿ, ಬಿಚ್ಚಿದ ರೀತಿಯದ್ದು.

ನನಗೂ ಸಾಕು ಅನ್ನಿಸಿದ್ದಿದೆ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ಕ್ರಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಎಂಜಿನ್ನಿನ ದಂಡ, ಲೇತಿಗೆ ಹೋಗಿ ಕೂತಿತ್ತು, ಬರುವ ಲಕ್ಷಣವಿರಲಿಲ್ಲ. ಸವೆದ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಬೇಕು, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಎಲ್ಲೂ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ ಆಯಿತು, ಶಿವಾಜಿನಗರ ಆಯಿತು, ಚೆನ್ನೈನ ಪುದುಪೇಟೆಯಲ್ಲೂ ಕೇಳಿಸಿದ್ದಾಯಿತು. ಅದೇ ಹೊತ್ತಿಗೆ ಮಗಳ ಕಾಲೇಜು ಫೀಸ್. ಗಾಡಿಗೆ ಅಂತ ಎತ್ತಿಟ್ಟಿದ್ದೆಲ್ಲ ಅಲ್ಲಿಗೆ ಹೋಯಿತು, ಹೋಗಬೇಕಾದ್ದೇ. ಆ ಮಳೆಗಾಲ ಪೂರ್ತಿ ನಾನು ಶೆಡ್ಡಿನ ಕಡೆ ತಿರುಗಿ ನೋಡಲಿಲ್ಲ. ರಾತ್ರಿ ಮಲಗಿದಾಗ ಮಾರಿಬಿಡೋಣ ಅಂತ ಯೋಚನೆ ಬರುತ್ತಿತ್ತು. ಯಾರಿಗೂ ಹೇಳಲಿಲ್ಲ.

ಆಮೇಲೆ ದಸರಾ ಬಂತು. ಆಯುಧಪೂಜೆಯ ದಿನ ಸ್ಕೂಟರು, ಕಾರು, ಮಗಳ ಸೈಕಲ್ಲು ಎಲ್ಲ ತೊಳೆದು ಸಾಲಾಗಿ ನಿಲ್ಲಿಸಿದ್ದೆ. ಅಮ್ಮ ಹೂವಿನ ಬುಟ್ಟಿ ಹಿಡಿದು ನಿಂತು, “ಎಲ್ಲಾದಕ್ಕೂ ಪೂಜೆ, ಅದೊಂದೇನು ಪಾಪ ಮಾಡಿತ್ತೋ?” ಅಂದರು. ಎಂಜಿನ್ ಇಲ್ಲ ಅಮ್ಮ ಅಂದೆ. “ಚಕ್ರ ಇದೆಯಲ್ಲ” ಅಂದರು. ಹೌದು, ಚಕ್ರ ಇತ್ತು. ಫೋರ್ಕ್, ಹ್ಯಾಂಡಲ್, ಟ್ಯಾಂಕ್, ಸೀಟು ಎಲ್ಲ ಅದರದರ ಜಾಗದಲ್ಲೇ ಇದ್ದವು. ಎಂಜಿನ್ ಒಂದನ್ನೇ ಇಳಿಸಿದ್ದೆ. ಮಗಳೂ ನಾನೂ ತಳ್ಳಿಕೊಂಡು ಈಚೆ ತಂದೆವು. ಅಮ್ಮ ಹೆಡ್‌ಲೈಟಿನ ಮೇಲೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಸುತ್ತಿ, ಎರಡು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ತಳ್ಳಿದೆವು. ಪಚಕ್ ಅಂತ ಒಡೆಯಿತು. ಎದುರು ಮನೆಯವರು ಕೈಮುಗಿದು, “ಏನ್ ಸಾರ್, ಜಾವಾ ಬಂತಾ ಈಚೆಗೆ!” ಅಂದರು. ಬಿಸಿಲಿಗೆ ಬಂದ ಗಾಡಿ ಗಾಡಿಯ ಥರವೇ ಕಂಡಿತು. ಹಬ್ಬ ಮುಗಿದ ಮೇಲೆ ನಾನೇ ಲೇತಿನವರ ಮುಂದೆ ಹೋಗಿ ಕೂತೆ.

ಅವತ್ತಿನಿಂದ ಇದೊಂದು ನೇಮ ಇಟ್ಟುಕೊಂಡಿದ್ದೇನೆ. ಏನೇ ಕೆಲಸ ನಡೆದಿರಲಿ, ಆಯುಧಪೂಜೆಗೆ ಗಾಡಿ ತನ್ನ ಚಕ್ರದ ಮೇಲೆ ನಿಂತು ನಿಂಬೆಹಣ್ಣು ಹತ್ತಬೇಕು. ಸ್ಟಾರ್ಟ್ ಆಗದಿದ್ದರೆ ಬೇಡ, ತಳ್ಳಿದರಾಯಿತು. ಈ ನೇಮ ಇದ್ದರೆ ಪೂರ್ತಿ ಬಿಚ್ಚುವುದಕ್ಕೆ ಆಗುವುದೇ ಇಲ್ಲ. ಒಂದು ಭಾಗ ಇಳಿಸು, ಸರಿಮಾಡು, ಹಾಕು, ಆಮೇಲೆ ಇನ್ನೊಂದಕ್ಕೆ ಕೈ ಹಾಕು.

ಯಾವುದು ಮೊದಲು ಅಂತ ಬಹಳ ಜನ ಕೇಳುತ್ತಾರೆ. ಮೊದಲು ಎಂಜಿನ್. ಪೇಂಟ್ ಅಲ್ಲ, ಕ್ರೋಮ್ ಅಲ್ಲ, ಎಂಜಿನ್. ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್ ಗಾಡಿಯಲ್ಲಿ (ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವಂಥದ್ದು) ಕ್ರಾಂಕಿನ ಎರಡೂ ಕಡೆಯ ಆಯಿಲ್ ಸೀಲ್, ಅಂದರೆ ಎಣ್ಣೆ, ಗಾಳಿ ತಡೆಯುವ ರಬ್ಬರ್ ರಿಂಗುಗಳು, ಒಣಗಿ ಕಲ್ಲಾಗಿರುತ್ತವೆ. ಜಾವಾದಲ್ಲಿ ಎಡಗಡೆ ಕ್ಲಚ್ಚು, ಬಲಗಡೆ ಡೈನಮೋ. ಎಡಗಡೆ ಸೀಲ್ ಹೋಗಿದ್ದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ. ಬಲಗಡೆಯದು ಹೋಗಿದ್ದರೆ ಗಾಳಿ ಎಳೆದುಕೊಳ್ಳುತ್ತೆ. ಗಾಳಿ ಜಾಸ್ತಿಯಾಯಿತು ಅಂದರೆ ಪೆಟ್ರೋಲೂ ಆಯಿಲೂ ಕಮ್ಮಿ ಅಂತ ಅರ್ಥ. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಪೇಂಟಿಗೆ ಸುರಿದ ದುಡ್ಡೆಲ್ಲ ಇದನ್ನು ತಡೆಯುವುದಿಲ್ಲ. ಅಲ್ಲದೆ ಹೊಸ ಪೇಂಟ್ ಆದ ಚಾಸಿಯಲ್ಲಿ ಎಂಜಿನ್ ಕೂರಿಸಿ, ಇಳಿಸಿ, ಮತ್ತೆ ಕೂರಿಸುವಾಗ ಗೀರು ಬೀಳುವುದು ಗ್ಯಾರಂಟಿ. ಆ ಗೀರು ನೋಡಿದಾಗ ಆಗುವ ಸಂಕಟ ಇದೆಯಲ್ಲ, ಅದರಿಂದಲೇ ಅರ್ಧ ಜನ ಕೈಬಿಡುತ್ತಾರೆ.

ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರು ನಮ್ಮ ಬಡಾವಣೆಯಲ್ಲಿದ್ದಾರೆ. ನನ್ನ ಕ್ರಾಂಕ್ ವಾಪಸ್ ಬಂದಾಗ ಅವರ ಮನೆಗೆ ತೆಗೆದುಕೊಂಡು ಹೋದೆ. ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಕಣ್ಣಿನಲ್ಲಿ ನೋಡಲೇ ಇಲ್ಲ. ಕ್ರಾಂಕನ್ನು ತೊಡೆಯ ಮೇಲಿಟ್ಟುಕೊಂಡು, ಪಿಸ್ಟನ್ ಜೋಡಿಸುವ ಕನೆಕ್ಟಿಂಗ್ ರಾಡ್ ಹಿಡಿದು ಅತ್ತಿತ್ತ ಅಲ್ಲಾಡಿಸಿದರು. “ಪಕ್ಕಕ್ಕೆ ಇಷ್ಟು ಆಡ್ಬೇಕು, ಆಡ್ಲಿ.” ಆಮೇಲೆ ರಾಡನ್ನು ನೇರ ಮೇಲಕ್ಕೆ ಎಳೆದು ಕೆಳಗೆ ಒತ್ತಿದರು, ಕಿವಿ ಹತ್ತಿರ ತಂದು ಮತ್ತೊಮ್ಮೆ ಒತ್ತಿದರು. “ಮೇಲೆ ಕೆಳಗೆ ಕೂದಲೆಳೆಯಷ್ಟೂ ಆಡಬಾರದು. ಇದು ಸರಿಯಾಗಿದೆ, ತಗೊಂಡ್ಹೋಗಿ ಕೂರಿಸಿ.” ನನಗೆ ಗಂಟಲು ಕಟ್ಟಿತು. ಈ ಕೈಗಳು ಇನ್ನೆಷ್ಟು ವರ್ಷ ಸಿಗುತ್ತವೆ ನಮಗೆ? ಗಾಡಿಯನ್ನು ಚೀಲದಲ್ಲಿ ಕಟ್ಟಿಟ್ಟು ‘ನಿಧಾನವಾಗಿ ಮಾಡೋಣ’ ಅನ್ನುವವರು ಇದನ್ನು ಯೋಚಿಸಬೇಕು.

ಕೊನೆಗೊಂದು ಸಂಜೆ ಸ್ಟಾರ್ಟ್ ಮಾಡಿದೆವು. ಲೀಟರಿಗೆ 40 ಮಿಲಿ ಆಯಿಲ್ ಬೆರೆಸಿದ ಪೆಟ್ರೋಲ್. ಕಾರ್ಬೊರೇಟರಿನ ಪಿನ್ ಒತ್ತಿ ಹಿಡಿದರೆ ಬೆರಳಿಗೆ ತಣ್ಣಗೆ ಪೆಟ್ರೋಲ್ ಜಿನುಗಿತು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಜಾವಾದ ಈ ಜಾಣತನಕ್ಕೆ ನಾನು ಇವತ್ತಿಗೂ ಮರುಳು. ಮೆಕ್ಯಾನಿಕ್ ಭಾಯ್ ಒದ್ದರು. ಕೆಮ್ಮಿತು, ನಿಂತಿತು. ಮತ್ತೆ ಒದ್ದರು. ಹಿಡಿಯಿತು ನೋಡಿ! ಎರಡು ಸೈಲೆನ್ಸರಿನಿಂದ ಆ ಟಪ ಟಪ ಶಬ್ದ, ಆ ಸುಟ್ಟ ಎಣ್ಣೆಯ ವಾಸನೆ. ಭಾಯ್ ನನ್ನ ಬೆನ್ನು ತಟ್ಟಿ, “ಇನ್ನು ಬಿಡಲ್ಲ ಬಿಡಿ ನೀವು” ಅಂದರು. ಆಗ ಟ್ಯಾಂಕ್ ತುಕ್ಕು, ಸೀಟ್ ಹರಿದಿತ್ತು, ಮಡ್‌ಗಾರ್ಡಿಗೆ ಬಣ್ಣವೇ ಇರಲಿಲ್ಲ. ಆದರೂ ಆ ಶಬ್ದ ಕೇಳಿದ ಮೇಲೆ ಮಾರುವ ಯೋಚನೆ ಒಂದು ದಿನವೂ ಬಂದಿಲ್ಲ. ಪೇಂಟ್ ಮೊದಲು ಮಾಡಿಸುವವರು ಈ ಶಬ್ದವನ್ನೇ ಕೊನೆಗೆ ತಳ್ಳುತ್ತಾರೆ. ಅಲ್ಲಿಯವರೆಗೆ ಯಾವುದನ್ನು ನೆಚ್ಚಿಕೊಂಡು ಕೆಲಸ ಮಾಡಬೇಕು ಅವರು?

ಇದಕ್ಕೆ ಕೆಲವರು ಎದುರು ಹೇಳುತ್ತಾರೆ. ‘ಪೂರ್ತಿ ಬಿಚ್ಚದಿದ್ದರೆ ಚಾಸಿಯ ಬಿರುಕು, ಒಳಗಿನ ತುಕ್ಕು ಹೇಗೆ ಕಾಣುತ್ತೆ? ಪೇಂಟ್ ಹೇಗೆ ಸರಿಯಾಗಿ ಕೂರುತ್ತೆ?’ ನಿಜ, ಪೇಂಟಿಗೆ ಬಿಚ್ಚಲೇಬೇಕು. ಬೇಡ ಅಂದವರು ಯಾರು? ಎಂಜಿನ್ ಓಡಿ, ಬ್ರೇಕ್ ಹಿಡಿದು, ವೈರಿಂಗ್ ಮುಗಿದು, ಬೇಕಾದ ರಬ್ಬರು, ಕೇಬಲ್ಲು, ಬೀಡಿಂಗು ಎಲ್ಲ ಕೈಗೆ ಬಂದ ಮೇಲೆ ಬಿಚ್ಚಿ. ಪೇಂಟರ್ ಹತ್ತಿರ ದಿನ ಮಾತಾಡಿಕೊಂಡು ಬಿಚ್ಚಿ. ಆಗ ಅದು ತಿಂಗಳೊಪ್ಪತ್ತಿನ ಕೆಲಸ. ಪ್ರತಿ ಬೋಲ್ಟನ್ನೂ ಬಿಚ್ಚಿದ ಜಾಗಕ್ಕೇ ಕೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಡಿ, ಆಗದಿದ್ದರೆ ಪೊಟ್ಟಣ ಕಟ್ಟಿ ‘ಬಲಗಡೆ ಫುಟ್‌ರೆಸ್ಟ್’ ಅಂತ ಬರೆದಿಡಿ. ಇಷ್ಟು ಮಾಡುವುದಕ್ಕೆ ಆಗಲ್ವಾ? ಕ್ರೋಮಿಗೂ ಅಷ್ಟೇ, ಅವಸರ ಬೇಡ. ಕ್ರೋಮಿನ ಅಡಿಯಲ್ಲಿ ನಿಕಲ್ ಸರಿಯಾಗಿ ಕೂತಿರದಿದ್ದರೆ ಎರಡೇ ಮಳೆಗಾಲಕ್ಕೆ ಟ್ಯಾಂಕಿನ ಮೇಲೆ ತುಕ್ಕಿನ ಚುಕ್ಕಿ ಏಳುತ್ತೆ. ಕಮ್ಮಿ ರೇಟು ಹೇಳಿದವರನ್ನು ಮೊದಲು ನಿಕಲ್ ಬಗ್ಗೆ ಕೇಳಿ.

ಇನ್ನು ‘ಅಷ್ಟು ದುಡ್ಡಿಗೆ ಹೊಸ ಜಾವಾನೇ ಬರ್ತಿತ್ತಲ್ಲ’ ಅನ್ನುವವರಿಗೆ. 2018ರಲ್ಲಿ ಬಂದ ಹೊಸ ಜಾವಾ ಒಳ್ಳೆಯ ಗಾಡಿಯೇ. 293 ಸಿಸಿ, ಫೋರ್ ಸ್ಟ್ರೋಕ್, ಲಿಕ್ವಿಡ್ ಕೂಲ್ಡ್. ತಮ್ಮನ ಹತ್ತಿರ ಇದೆ, ಓಡಿಸಿದ್ದೇನೆ. ಆದರೆ ಅದು ಬೇರೆ ಗಾಡಿ. ಅದರ ಎಂಜಿನ್ನಿನ ಒಂದು ಪಾರ್ಟೂ ಇದಕ್ಕೆ ಕೂರುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರೂ ಇದೇ ಪ್ರಶ್ನೆ ಕೇಳುತ್ತಾರೆ, ಉತ್ತರ ಹೇಳುವ ತಾಳ್ಮೆ ನನಗೀಗ ಇಲ್ಲ. ಯಾದವಗಿರಿಯಲ್ಲಿ ನಮ್ಮ ಜನರ ಕೈ ತಾಗಿ ಹೊರಬಂದ ಗಾಡಿ ಇನ್ನು ಹೊಸದಾಗಿ ಹುಟ್ಟುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಬೇಕು, ಅಷ್ಟೇ.

ಆ ಹುಡುಗನಿಗೂ ಇದನ್ನೇ ಹೇಳಿ ಬಂದೆ. ಮಾರಬೇಡಪ್ಪ, ಮೊದಲು ಫೋರ್ಕ್ ಹಾಕು, ಎರಡು ಚಕ್ರ ಹಾಕು, ನಿಲ್ಲಿಸು. ಕರೆದರೆ ನಾನೂ ಭಾಯ್ ಇಬ್ಬರೂ ಬರ್ತೀವಿ. ಯೋಚನೆ ಮಾಡ್ತೀನಿ ಅಂಕಲ್ ಅಂದಿದ್ದಾನೆ.

ಆರ್‌ಸಿ ವಿಷಯದಲ್ಲೂ ಇದೇ ಮಾತು ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ರಿನ್ಯೂವಲ್ ಆಗಬೇಕು, ಅದಕ್ಕೆ ಗಾಡಿ ತೋರಿಸಬೇಕು, ಚಾಸಿ ನಂಬರ್, ಎಂಜಿನ್ ನಂಬರ್ ಹೊಂದಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆಯೇ ನಿಯಮ ತಂದಿದೆ. ಐವತ್ತು ವರ್ಷ ದಾಟಿದ, ಹೆಚ್ಚು ಬದಲಾಯಿಸದ ಗಾಡಿಗೆ ‘ವಿಎ’ ಅಕ್ಷರದ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ ಫೀಸು, ಹತ್ತು ವರ್ಷದ ಅವಧಿ. ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಯಾವ ದಾರಿ ಹಿಡಿದರೂ ಮುಂದೆ ನಿಲ್ಲಿಸಿ ತೋರಿಸುವುದಕ್ಕೆ ಗಾಡಿ ಇರಬೇಕು. ಚೀಲದಲ್ಲಿರುವಾಗಲೇ ಯಾರೋ ಎಂಜಿನ್ ಒಂದನ್ನೇ ಕೇಳಿ ಕೊಂಡುಹೋಗಿರುತ್ತಾರೆ. ಆಮೇಲೆ ಉಳಿದ ಚಾಸಿಗೂ ಆ ಹಳೇ ನಂಬರಿಗೂ ದಿಕ್ಕಿಲ್ಲ.

ಜುಲೈ ಎರಡನೇ ಭಾನುವಾರ ಜಾವಾ ಗಾಡಿಯವರೆಲ್ಲ ಸೇರುವ ಜಾವಾ ಡೇ ಬಂದಾಗ ಹೊಳೆಯುವ ಗಾಡಿಗಳ ಜೊತೆ ಅರ್ಧ ಕೆಲಸದ ಗಾಡಿಗಳನ್ನೂ ತನ್ನಿ ಅಂತ ನನ್ನ ಬೇಡಿಕೆ. ಪೇಂಟ್ ಇಲ್ಲದಿದ್ದರೂ ತನ್ನಿ, ಆಟೋದಲ್ಲಿ ಹೇರಿಕೊಂಡಾದರೂ ತನ್ನಿ. ಈಗಷ್ಟೇ ಶುರುಮಾಡಿದ ಹುಡುಗರು ಆ ನಡುವಿನ ಹಂತವನ್ನು ಕಣ್ಣಾರೆ ನೋಡಲಿ.

ನನ್ನದರಲ್ಲಿ ಈಗ ಟ್ಯಾಂಕಿನ ಕೆಲಸ ನಡೆಯುತ್ತಿದೆ. ಒಳಗಿನ ತುಕ್ಕು ತೆಗೆಸಿ ಆಯಿತು. ಬಂಕಿನಲ್ಲಿ ಈಗ ಬರುತ್ತಿರುವ ಇಥೆನಾಲ್ ಬೆರೆತ ಪೆಟ್ರೋಲು ನೀರು ಹೀರಿಕೊಳ್ಳುತ್ತೆ, ಹಳೇ ರಬ್ಬರು ಅದಕ್ಕೆ ತಡೆಯುವುದಿಲ್ಲ. ಹಾಗಾಗಿ ಪೆಟ್ರೋಲ್ ಪೈಪು, ವಾಷರು ಎಲ್ಲ ಹೊಸದು ಹಾಕುತ್ತಿದ್ದೇನೆ. ಸಿಗದೇ ಇರುವುದು ಟ್ಯಾಂಕಿನ ಬಲಗಡೆ ಮಂಡಿ ತಾಗುವಲ್ಲಿ ಇರುವ ಮಂಡಿ ರಬ್ಬರ್. ಎ ಟೈಪಿನ ಅಸಲಿ ರಬ್ಬರ್ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಹೇಳಿ. ಮಾಸಿದ್ದರೂ ಪರವಾಗಿಲ್ಲ, ಬಿರುಕು ಬಿಟ್ಟಿರಬಾರದು. ನನ್ನ ಹತ್ತಿರ ಒಂದು ಜೊತೆ ಹಳೇ ಸ್ಟಾಕಿನ ಬ್ರೇಕ್ ಶೂ ಜಾಸ್ತಿ ಇದೆ, ಬೇಕಾದವರು ಅದನ್ನು ತೆಗೆದುಕೊಂಡು ಹೋಗಬಹುದು.