ಸಾಫ್ಟ್‌ವೇರ್ ಬಿಟ್ಟಿ, ಬನ್ನಿಗೆ ಆಕ್ಷೇಪಣೆ

ನಮ್ಮ ಸರ್ಕಾರಿ ಕಚೇರಿಗೆ, ಕಂಪ್ಯೂಟರ್ ನಡೆಸೋ ವಿಂಡೋಸ್ ಬದಲು ಲಿನಕ್ಸ್ ಬಂತು. ಬಂತು ಅಂದರೆ, ಶನಿವಾರ ಸಂಜೆ ನಾವು ಬಿಟ್ಟುಹೋದ ಕಂಪ್ಯೂಟರ್ ಸೋಮವಾರ ಬೆಳಿಗ್ಗೆ ಬೇರೆ ಮುಖ ಹೊತ್ತು ಕೂತಿತ್ತು.

ಲಿನಕ್ಸ್‌ನಂಥ ಓಪನ್ ಸೋರ್ಸ್‌ಗೆ, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರಿಗೆ, ಆದ್ಯತೆ ಕೊಡಿ ಎಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಹೊರಡಿಸಿದೆ. ನಮ್ಮ ಸಾಹೇಬರಿಗೆ ಅದರಲ್ಲಿ ಹಿಡಿಸಿದ್ದು ಒಂದೇ, ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ ಅನ್ನೋದು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅಂತಾರಲ್ಲ, ಹಾಗೆ ಎಲ್ಲ ಟೇಬಲ್ಲಿಗೂ ಹಾಕಿಸಿದರು.

ತರಬೇತಿಯೂ ಆಯಿತು. ಒಂದು ದಿನ. ಕಳಿಸಿದ್ದು ಮುಂದಿನ ತಿಂಗಳು ರಿಟೈರ್ ಆಗುವ ಮ್ಯಾನೇಜರನ್ನು, ಜೀಪ್ ಡ್ರೈವರನ್ನು, ಮತ್ತು ಯಾವ ಟೇಬಲ್ಲಿಗೂ ಬೇಡವಾದ ನನ್ನನ್ನು. ಟೈಪಿಂಗ್ ಮೇಡಂ ಬರಲಿಲ್ಲ. ಅವರು ತರಬೇತಿಗೆ ಹೋದರೆ ಟೈಪ್ ಮಾಡೋರು ಯಾರು?

ತರಬೇತುದಾರರು 1983ರಲ್ಲಿ ಮುಕ್ತ ಸಾಫ್ಟ್‌ವೇರ್ ಚಳವಳಿ ಹೂಡಿದ ಸ್ಟಾಲ್‌ಮನ್‌ರಿಂದ ಶುರು ಮಾಡಿದರು. 1991ರಲ್ಲಿ ಲಿನಕ್ಸ್ ಶುರು ಮಾಡಿದ ಟೋರ್ವಾಲ್ಡ್ಸ್ ಹತ್ತಿರ ಬರುವಾಗ ಊಟದ ಹೊತ್ತು. ಮಧ್ಯಾಹ್ನ ಸಹಿ ಹಾಕಿಸಿಕೊಂಡು ಬೀಳ್ಕೊಟ್ಟರು. ಪತ್ರಕ್ಕೆ ಮಾರ್ಜಿನ್ ಎಲ್ಲಿ ಇಡೋದು ಅಂತ ಕೇಳಬೇಕೆಂದಿದ್ದೆ, ಆಗಲೇ ಪ್ರಮಾಣಪತ್ರ ಕೈಗೆ ಬಂದಿತ್ತು. ಡ್ರೈವರ್ ಅದನ್ನು ಜೀಪಿನಲ್ಲಿ, ದೇವರ ಫೋಟೋ ಪಕ್ಕ ಅಂಟಿಸಿದ್ದಾನೆ.

ಮರುದಿನ ಮೇಡಂ ಹಳೇ ಫೈಲ್ ತೆರೆದು ಕಿರುಚಿದರು. 'ಕರ್ನಾಟಕ ಸರ್ಕಾರ' ಇರಬೇಕಾದ ಕಡೆ ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳು! ವೈರಸ್ ಅಂದರು ಒಬ್ಬರು. ಬಿಟ್ಟಿ ಮಾಲಿನ ಹಣೆಬರಹವೇ ಇಷ್ಟು ಅಂದರು ಇನ್ನೊಬ್ಬರು. ವಿಷಯ ಇಷ್ಟೇ: 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡಿದರೆ ಒಳಗೆ ಉಳಿಯೋದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ವೇಷ ಕಟ್ಟೋದು ಫಾಂಟು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಫೈಲುಗಳು ಬಣ್ಣ ತೊಳೆದ ಯಕ್ಷಗಾನದ ವೇಷಧಾರಿಗಳು. ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಿಕೊಂಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಆದರೆ ಸ್ಟಾಲ್‌ಮನ್ ಕಥೆಯಲ್ಲಿ ಆ ಭಾಗ ಇರಲಿಲ್ಲ.

ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್‌ಗೆ ಹೋಗೋಣ ಅಂದಾಗ ವಿಂಡೋಸ್ ಮಾರುವ ಮೈಕ್ರೋಸಾಫ್ಟ್‌ನ ಅಂದಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಸ್ಕೀಯಿಂಗ್ ರಜೆ ಬಿಟ್ಟು ಓಡಿ ಬಂದಿದ್ದರು. ನಗರದವರು ಜಗ್ಗಲಿಲ್ಲ. ಸುಮಾರು 15,000 ಕಂಪ್ಯೂಟರ್ ಬದಲಿಸಲು ಹತ್ತು ವರ್ಷ ತಗೊಂಡರು. ಕಚೇರಿ ಪತ್ರಗಳ ನಮೂನೆಗೆ ಅಂತಲೇ ತಾವೇ ಒಂದು ಸಾಫ್ಟ್‌ವೇರ್ ಬರೆದುಕೊಂಡರು. ಅಷ್ಟಾದರೂ 2017ರಲ್ಲಿ ವಿಂಡೋಸ್‌ಗೇ ವಾಪಸ್ ಅಂದರು! ಪಕ್ಕದ ಕೇರಳ ಶಾಲೆಗಳಿಗೆ ಲಿನಕ್ಸ್ ತರುವಾಗ ಮೊದಲು ಮೇಷ್ಟ್ರುಗಳಿಗೆ ಕಲಿಸಿತು, ಅವರಲ್ಲೇ ಕೆಲವರನ್ನು ಮಿಕ್ಕವರಿಗೆ ಕಲಿಸಲು ಬಿಟ್ಟಿತು. ನಮ್ಮ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. "ಅವರಿಗೆ ಹತ್ತು ವರ್ಷ, ನಮಗೆ ಒಂದು ವಾರಾಂತ್ಯ. ನಾವೇ ಫಾಸ್ಟ್ ಅಲ್ವಾ?" ಅಂದರು.

ಸಹಾಯವಾಣಿ ಅಂತ ಒಂದು ನಂಬರ್ ಇದೆ. ಅಲ್ಲಿದ್ದವರ ಗುತ್ತಿಗೆ ಮುಗಿದಿದೆ, ರಿಂಗ್‌ಟೋನ್ ಮಾತ್ರ ಚೆನ್ನಾಗಿದೆ.

ಕೊನೆಗೆ ನಮ್ಮನ್ನು ಕಾಪಾಡಿದ್ದು ಅಟೆಂಡರ್ ಮಗ. ಡಿಪ್ಲೊಮಾ ಓದುತ್ತಾನೆ. ಪೆನ್‌ಡ್ರೈವಿನಿಂದ ಫಾಂಟ್ ಹಾಕಿದ, ಅರ್ಧ ನಿಮಿಷ. ವೇಷಧಾರಿಗಳೆಲ್ಲ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದರು. ಅಂದಿನಿಂದ ಕಾಲೇಜು ಬಿಟ್ಟ ಮೇಲೆ ದಿನಾ ಬರುತ್ತಾನೆ. ಸಂಬಳ ಇಲ್ಲ. ಒಂದು ಕಾಫಿ, ಒಂದು ಬನ್ನು. ಅದನ್ನೂ ನಾನು ಪ್ರಾಮಾಣಿಕವಾಗಿ 'ತಾಂತ್ರಿಕ ನೆರವು' ಅಂತ ಬರೆದು ಬಿಲ್ ಇಟ್ಟೆ.

ಮೊನ್ನೆ ಆಡಿಟ್‌ನವರ ಆಕ್ಷೇಪಣೆ ಬಂದಿದೆ: 'ಉಚಿತ ತಂತ್ರಾಂಶಕ್ಕೆ ವೆಚ್ಚ ಹೇಗೆ ಬಂತು? ಮೂರು ದಿನದೊಳಗೆ ವಿವರಣೆ ನೀಡುವುದು.'

ವಿವರಣೆ ಟೈಪ್ ಮಾಡಿಟ್ಟಿದ್ದೇವೆ. ಪ್ರಿಂಟ್ ಬರುತ್ತಿಲ್ಲ. ಹುಡುಗನಿಗೆ ಗುರುವಾರದವರೆಗೆ ಪರೀಕ್ಷೆ.