ಶಿರಾಜ್ ಹಾಕ್ಲಾ ಅಂತ ಕೇಳೋರಿಗೆ

ಶಿರಾಜ್ ಅಂದ್ರೆ ಕೆಂಪು ವೈನ್ ಮಾಡೋ ದ್ರಾಕ್ಷಿ. ನನ್ನ ಮೀಟರ್‌ನಲ್ಲಿ 23, ಅದನ್ನ ಕೊಳ್ಳೋ ವೈನ್ ಕಂಪನಿಯವರ ಮೀಟರ್‌ನಲ್ಲಿ 20.5. ತೋಟ ಅದೇ, ಹಣ್ಣೂ ಅದೇ. ಮೊದಲನೇ ಬೆಳೆಯ ಲಾಭ ಪೂರ್ತಿ ಆ ಎರಡೂವರೆ ಬ್ರಿಕ್ಸ್‌ನಲ್ಲಿ ಕರಗಿಹೋಯ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಬ್ರಿಕ್ಸ್ ಅಂದ್ರೆ ರಸದಲ್ಲಿರೋ ಸಿಹಿಯ ಅಳತೆ. ಅಳೆಯೋ ಸಾಮಾನು ಸಣ್ಣ ಟಾರ್ಚ್ ಥರ ಇರ್ತದೆ. ತುದಿಯ ಗಾಜಿನ ಮೇಲೆ ಎರಡು ತೊಟ್ಟು ರಸ ಹಿಂಡಿ, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡಬೇಕು. ನೀಲಿ ಬಣ್ಣ ಮುಗಿದು ಬಿಳಿ ಶುರುವಾಗೋ ಗೆರೆ ಯಾವ ಅಂಕಿ ಮೇಲೆ ನಿಂತಿದೆಯೋ ಅದೇ ನಿಮ್ಮ ರೇಟು. ಕೆಂಪು ವೈನ್‌ಗೆ ಸಾಮಾನ್ಯವಾಗಿ 22ರಿಂದ 24 ಕೇಳ್ತಾರೆ.

ಮೋಸ ಆಯ್ತು ಅಂತ ಆವತ್ತು ಊರೆಲ್ಲ ಹೇಳ್ಕೊಂಡು ತಿರುಗಿದೆ. ಆಮೇಲೆ ನಿಧಾನಕ್ಕೆ ಅರ್ಥ ಆಯ್ತು, ಅರ್ಧ ತಪ್ಪು ನಂದೇ. ಬೆಳಗ್ಗೆ ತೋಟದ ದಾರಿಗೆ ಸಿಕ್ಕೋ ಸಾಲಲ್ಲಿ, ಬಿಸಿಲಿಗೆ ಮುಖ ಕೊಟ್ಟ ಗೊಂಚಲಿನ ಮೇಲ್ಗಡೆಯಿಂದ ನಾಲ್ಕು ಕಾಯಿ ಕಿತ್ತು ಹಿಂಡ್ತಿದ್ದೆ. ಗೊಂಚಲಲ್ಲಿ ಮೇಲಿನ ಕಾಯಿ ಮೊದಲು ಸಿಹಿ ಆಗ್ತದೆ, ತುದಿಯದ್ದು ಕೊನೆಗೆ. ಎಲೆ ನೆರಳಲ್ಲಿರೋದು ಇನ್ನೂ ತಡ. ಸಾಲಿನ ಎರಡೂ ಮಗ್ಗುಲಿಂದ, ಮೇಲೆ ನಡು ತುದಿ ಎಲ್ಲ ಕಡೆಯಿಂದ ನೂರು ಕಾಯಿ ಬಿಡಿಸಿ, ಒಟ್ಟಿಗೆ ಹಿಸುಕಿ, ಆ ರಸ ನೋಡಬೇಕಿತ್ತು. ಕಾರ್ಖಾನೆಯಲ್ಲಿ ಇಡೀ ಲೋಡಿನ ರಸ ನೋಡ್ತಾರೆ. ನಾನು ನೋಡ್ತಿದ್ದದ್ದು ನನಗೆ ಖುಷಿ ಕೊಡೋ ಕಾಯಿ ಮಾತ್ರ.

ನಮ್ಮದು ನಾಗಮಂಗಲದ ಕಡೆ. ಕೆಂಪು ಮಣ್ಣು, ಬೋರ್‌ವೆಲ್ ನೀರು, ಡ್ರಿಪ್. ಒಂದೂವರೆ ಎಕರೆಯಲ್ಲಿ ಒಂದು ಎಕರೆ ಶಿರಾಜ್, ಉಳಿದದ್ದು ಕ್ಯಾಬರ್ನೆ ಸೋವಿನ್ಯೋ, ಅದೂ ಕೆಂಪು ವೈನ್ ದ್ರಾಕ್ಷಿನೇ. ನನ್ನ ಭಾವ ಪಾಂಡವಪುರದ ಕಡೆ ನಾಲೆ ಬಯಲಲ್ಲಿ ಕಬ್ಬು ಬೆಳೀತಾರೆ. ಹಬ್ಬಕ್ಕೆ ಸೇರಿದಾಗಲೆಲ್ಲ ಇದೇ ಮಾತು. 'ನಿಂದೂ ಸಕ್ಕರೆ ಲೆಕ್ಕ, ನಂದೂ ಸಕ್ಕರೆ ಲೆಕ್ಕ. ನಂಗೆ ಸರ್ಕಾರ ಅದೆ, ನಿಂಗೆ ಯಾರವ್ರೆ?' ಅಂತಾರೆ.

ಭಾವ ತಮಾಷೆಗೆ ಹೇಳಿದ್ದು. ನಂಗೆ ಅದು ತಲೆಯಿಂದ ಹೋಗೇ ಇಲ್ಲ. ಕಬ್ಬಿಗೆ 1966ರ ನಿಯಂತ್ರಣ ಆದೇಶ ಇದೆ. ಕೇಂದ್ರ ಪ್ರತಿ ವರ್ಷ ಎಫ್‌ಆರ್‌ಪಿ, ಅಂದ್ರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ಬೆಲೆ, ಘೋಷಿಸ್ತದೆ. 2025-26ಕ್ಕೆ ಶೇ 10.25ರ ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಬರಬೇಕು, ತಪ್ಪಿದ್ರೆ ವರ್ಷಕ್ಕೆ ಶೇ 15 ಬಡ್ಡಿ. ಬಾಕಿ ಉಳಿಸಿಕೊಳ್ಳೋದು, ರೈತರು ರಸ್ತೆಗಿಳಿಯೋದು ಎಲ್ಲ ಇದ್ದೇ ಇದೆ, ಆದ್ರೂ ಜಗಳ ಆಡೋಕೆ ಕೈಯಲ್ಲೊಂದು ಕಾಗದ ಇದೆ. ವೈನ್ ದ್ರಾಕ್ಷಿಗೆ ಅಂಥ ಬೆಲೆ ಇಲ್ಲ, ಗಡುವೂ ಇಲ್ಲ. ಕರ್ನಾಟಕದ ವೈನ್ ನೀತಿ ಬಂದದ್ದು 2007ರಲ್ಲಿ, ವೈನ್ ಮಂಡಳಿಯೂ ಆಯ್ತು. ವೈನ್ ಮೇಳಕ್ಕೆ ನಾನೂ ಹೋಗಿದ್ದೀನಿ. ಗ್ಲಾಸ್ ಹೆಂಗೆ ಹಿಡೀಬೇಕು, ಹೆಂಗೆ ಅಲ್ಲಾಡಿಸಬೇಕು ಅಂತ ಚೆನ್ನಾಗಿ ಹೇಳಿಕೊಟ್ರು. ಕಾಯಿ ಕೊಟ್ಟ ಎಷ್ಟು ದಿನಕ್ಕೆ ದುಡ್ಡು ಅಂತ ಹೇಳೋ ಮಳಿಗೆ ನನಗಂತೂ ಸಿಗಲಿಲ್ಲ.

ಕೊಳ್ಳೋರು ಬೇಡ ಅಂದ್ರೆ ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಗೆ ಹಾಕೋಣ ಅಂದ್ಕೊಂಡಿದ್ದೀರಾ? ಒಂದು ವರ್ಷ ಇಪ್ಪತ್ತು ಕ್ರೇಟ್ ಒಯ್ದು ನೋಡಿದ್ದೀನಿ. ಶಿರಾಜ್ ಕಾಯಿ ಬಟಾಣಿಗಿಂತ ಒಂಚೂರು ದಪ್ಪ, ಸಿಪ್ಪೆ ಒರಟು, ಒಳಗೆಲ್ಲ ಬೀಜ. ಮಂಡಿಯವರು ಒಂದು ಬಾಯಿಗೆ ಹಾಕ್ಕೊಂಡು, ಬೀಜ ಉಗಿದು, 'ಇದನ್ನ ಯಾರು ತಿಂತಾರೆ ಸ್ವಾಮಿ' ಅಂದ್ರು. ಅದೇ ಬೆಂಗಳೂರು ನೀಲಿ ದ್ರಾಕ್ಷಿ ಆಗಿದ್ರೆ ತಳ್ಳುಗಾಡಿಗೂ ಹೋಗ್ತಿತ್ತು, ಜ್ಯೂಸ್‌ಗೂ ಹೋಗ್ತಿತ್ತು, ಸಿಹಿ ವೈನ್‌ಗೂ ಹೋಗ್ತಿತ್ತು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ರೈತರು ಅದನ್ನ ಬಿಡದೇ ಇರೋದಕ್ಕೆ ಕಾರಣ ಇದೆ. ಸರಿ, ನಾನೇ ಮನೇಲಿ ವೈನ್ ಮಾಡಿ ಮಾರ್ತೀನಿ ಅಂದ್ರೆ ಅಬಕಾರಿಯವರು ಬರ್ತಾರೆ. ಹಂಗಾಗಿ ವೈನ್ ದ್ರಾಕ್ಷಿ ಬೆಳೆಯೋನಿಗೆ ಇರೋದು ಒಂದೇ ಬಾಗಿಲು.

ಈಗ ನಾನು ಹೇಳಬೇಕು ಅಂದ್ಕೊಂಡಿದ್ದ ವಿಷಯಕ್ಕೆ ಬರ್ತೀನಿ. ತೂಕದ ಮೇಲೆ ದುಡ್ಡು ಕೊಡೋ ಪದ್ಧತಿನೇ ವೈನ್ ದ್ರಾಕ್ಷಿಗೆ ತಪ್ಪು.

ಯಾಕಂದ್ರೆ ಒಳ್ಳೆ ವೈನ್‌ಗೆ ಬೇಕಾದ್ದೆಲ್ಲ ತೂಕ ಇಳಿಸೋ ಕೆಲಸವೇ. ಬಳ್ಳಿ ಮೇಲೆ ಗೊಂಚಲು ಜಾಸ್ತಿ ಬಿಡಬೇಡಿ, ಅರ್ಧ ಕಿತ್ತು ಹಾಕಿ ಅಂತಾರೆ. ಕೊಯ್ಲಿಗೆ ಮುಂಚೆ ನೀರು ಕಡಿಮೆ ಮಾಡಿ ಅಂತಾರೆ. ಕಾಯಿ ಸಣ್ಣದಿದ್ರೆ ರಸಕ್ಕಿಂತ ಸಿಪ್ಪೆ ಪಾಲು ಜಾಸ್ತಿ, ಬಣ್ಣ ರುಚಿ ಎರಡೂ ಸಿಪ್ಪೆಯಲ್ಲೇ ಇರೋದು. ಎಲ್ಲ ನಿಜ. ಆದ್ರೆ ನೆಲಕ್ಕೆ ಬಿದ್ದ ಆ ಗೊಂಚಲಿನ ದುಡ್ಡು ಯಾರ ಜೇಬಿಂದ ಹೋಯ್ತು? ಮೊದಲ ಸಲ ಹಸಿರು ಗೊಂಚಲು ಕತ್ತರಿಸಿ ಸಾಲಲ್ಲಿ ಬಿಸಾಡಿದಾಗ ನಮ್ಮವ್ವ ಒಂದೊಂದೇ ಆಯ್ದು ಮಡಿಲಿಗೆ ತುಂಬ್ಕೊಂಡ್ರು. 'ಬುದ್ಧಿಗಿದ್ದಿ ಅದೇನ್ಲಾ ನಿಂಗೆ' ಅಂತ ಬೈದು ಉಪ್ಪಿನಕಾಯಿ ಹಾಕಿದ್ರು. ಆ ವರ್ಷ ಆ ಕಾಯಿಂದ ಮನೆಗೆ ದಕ್ಕಿದ್ದು ಉಪ್ಪಿನಕಾಯಿ ಒಂದೇ.

ಹೋದ ವರ್ಷದ್ದು ಕೇಳಿ. ಮಾರ್ಚ್ ಮೊದಲ ವಾರ, ಈ ಸಲ ಸರಿಯಾಗೇ ನೂರು ಕಾಯಿ ಹಿಸುಕಿ ನೋಡಿದೆ, 23. ಕೊಯ್ಲಿಗೆ ಆಳು ಹೇಳಿದ್ದೆ, ಕ್ರೇಟ್ ತೊಳೆದಿಟ್ಟಿದ್ದೆ. ಕೊಳ್ಳೋರಿಂದ ಫೋನ್ ಬಂತು: 'ಟ್ಯಾಂಕ್ ಖಾಲಿ ಇಲ್ಲ ಸಾರ್, ಒಂದು ವಾರ ತಡೀರಿ.' ಎಂಟು ದಿನ ಆಯ್ತು. ಬಿಸಿಲು ಹೆಂಗಿತ್ತು ನಿಮಗೇ ಗೊತ್ತು. ಗೊಂಚಲಿನ ಮೇಲಿನ ಕಾಯಿ ಸುಕ್ಕು ಹಿಡಿದು ಒಣದ್ರಾಕ್ಷಿ ಥರ ಆಯ್ತು. ಪಿಕಳಾರ, ಗೊರವಂಕಗಳಿಗೆ ಮದುವೆ ಊಟ. 6 ಟನ್ ಅಂದಾಜು ಮಾಡಿದ್ದು ತಕ್ಕಡಿಗೆ ಬಂದಾಗ 5 ಟನ್ 200 ಕೆಜಿ. ಬ್ರಿಕ್ಸ್ 25ಕ್ಕೆ ಹತ್ತಿತ್ತು. ಅವರ ಮೇಲ್ವಿಚಾರಕ ಕಾಯಿ ಹಿಸುಕಿ ಕೈ ಬಣ್ಣ ನೋಡ್ಕೊಂಡು 'ಸೂಪರ್ ಕಲರ್ ಬಂದಿದೆ ಸಾರ್' ಅಂದ. ಕೆಜಿಗೆ 48ರ ಲೆಕ್ಕದಲ್ಲಿ ನಂಗೆ 38,400 ರೂಪಾಯಿ ಹೋಗಿತ್ತು. ಕಾಯಿಸಿದ್ದು ಅವರು, ಒಣಗಿದ್ದು ನಾನು, ಬಣ್ಣ ಬಂದದ್ದು ಅವರಿಗೆ. ಮಧ್ಯೆ ಒಂದು ಮಳೆ ಬಿದ್ದಿದ್ರೆ ಕಥೆ ಉಲ್ಟಾ. ಕಾಯಿ ನೀರು ಕುಡಿದು ಒಡೆದು, ಸಿಹಿ ಇಳಿದು, ರೇಟ್ ಕಡಿತ. ಅದೂ ನನ್ನ ಲೆಕ್ಕಕ್ಕೇ.

ಕಂಪನಿಯವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಅವರಿಗೂ ಬಾಟಲಿ, ಕಾರ್ಕ್, ತೆರಿಗೆ, ಮೂಲೆ ಸೇರಿದ ಸ್ಟಾಕ್ ಎಲ್ಲ ಇದೆ. ನಮ್ಮ ಜಿಲ್ಲೆಯಲ್ಲಿ ಮೂರು ಅಂಗಡಿಗೊಂದು 'ವೈನ್ಸ್' ಅಂತ ಬೋರ್ಡ್ ಇದೆ, ಒಳಗೆ ಹೋಗಿ ವೈನ್ ಕೇಳಿ ನೋಡಿ. ಒಮ್ಮೆ ಕೇಳಿದ್ದಕ್ಕೆ ಹುಡುಗ ನನ್ನನ್ನ ಮೇಲೆ ಕೆಳಗೆ ನೋಡಿ ಹಿಂದಿನ ಗೂಡಿಂದ ಧೂಳು ಹಿಡಿದ ಒಂದು ಬಾಟಲಿ ತಂದ. ಒಂದು ಬಾಟಲಿಗೆ ಒಂದು ಕೆಜಿ ಮೇಲೆ ಒಂಚೂರು ಹಣ್ಣು ಬೇಕು. ಆ ಧೂಳು ನೋಡಿದಾಗ ನನ್ನ ಕಾಯಿ ಯಾಕೆ ಕಾಯ್ತಾ ಕೂತಿತ್ತು ಅಂತಲೂ ಗೊತ್ತಾಯ್ತು.

ಆದ್ರೂ ಬರೆದುಕೊಡಿ ಅಂತ ಕೇಳೋದು ನನ್ನ ಹಕ್ಕು. ಈ ವರ್ಷ ಕೇಳಿದೆ. ಎಕರೆ ಲೆಕ್ಕದಲ್ಲಿ ದುಡ್ಡು ಕೊಡಿ, ಗೊಂಚಲು ಎಷ್ಟು ಬೇಕಾದ್ರೂ ಕೀಳಿಸಿ, ನಂಗೇನೂ ಬೇಜಾರಿಲ್ಲ ಅಂದೆ. ಅಮೆರಿಕದ ನಾಪಾ ಕಡೆ ಎಕರೆ ಲೆಕ್ಕದ ಒಪ್ಪಂದಗಳಿವೆ, ನಾನೇನು ಹೊಸದು ಹೇಳ್ತಿಲ್ಲ. ನಕ್ಕರು. ಹಂಗಾದ್ರೆ ನಾನು 23 ತೋರಿಸಿದ ದಿನದಿಂದ ಮೂರು ದಿನ ಮೀರಿದ್ರೆ ಒಣಗಿದ ತೂಕ ನಿಮ್ಮದು, ಸ್ಯಾಂಪಲ್ ಇಬ್ಬರ ಮುಂದೆ ತೆಗೀಬೇಕು ಅಂದೆ. ಎರಡನೆಯದಕ್ಕೆ ಒಪ್ಪಿದ್ದಾರೆ. ಮೊದಲನೆಯದಕ್ಕೆ 'ನೋಡೋಣ' ಅಂದಿದ್ದಾರೆ. ಆ 'ನೋಡೋಣ' ಕಾಗದಕ್ಕೆ ಇಳಿಯೋವರೆಗೂ ಹೊಸದಾಗಿ ಒಂದು ಗಿಡವನ್ನೂ ನಾನು ನೆಡಲ್ಲ. ನೀವೂ ನೆಡಬೇಡಿ. ನರ್ಸರಿಗೆ ಹೋಗೋಕೆ ಮುಂಚೆ ಕೊಳ್ಳೋರ ಮನೆ ಬಾಗಿಲಿಗೆ ಹೋಗಿ. ಅಷ್ಟಾದ್ರೂ ತಡೆಯೋಕಾಗಲ್ಲ ಅನ್ನೋರು ಬೆಂಗಳೂರು ನೀಲಿ ಹಾಕಿ, ಕೊನೆಗೆ ತಿನ್ನೋಕಾದ್ರೂ ಆಗ್ತದೆ.

ರೋಗದ ಬಗ್ಗೆ ಕೇಳೋರಿಗೆ ಇನ್ನೊಂದು ಸಲ ಬರೀತೀನಿ. ಅಕ್ಟೋಬರ್‌ನಲ್ಲಿ ಪ್ರೂನಿಂಗ್, ಅಂದ್ರೆ ಕಡ್ಡಿ ಸವರೋದು, ಆಗಿ ಚಿಗುರು ಬರೋ ಹೊತ್ತಿಗೆ ಹಿಂಗಾರು ಹಿಡೀತು ಅಂದ್ರೆ ಡೌನಿ ಅನ್ನೋ ಬೂಜು ರೋಗ ಗ್ಯಾರಂಟಿ, ಸದ್ಯಕ್ಕೆ ಅಷ್ಟು ತಿಳ್ಕೊಳ್ಳಿ. ಮಲೆನಾಡಿನವರು ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಹುಟ್ಟಿದ್ದೂ ಇದೇ ಡೌನಿಗೆ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಅದನ್ನ ನಮ್ಮ ಅಡಿಕೆಗೆ ತಂದ, ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಸಾಹೇಬರು ಮಂಡ್ಯದ ಸಕ್ಕರೆ ಕಾರ್ಖಾನೆ ಹಿಂದೆಯೂ ಇದ್ದವರು. ಭಾವನಿಗೆ ಇದನ್ನ ಹೇಳಿದ್ರೆ 'ನೋಡ್ದಾ, ಸಾಹೇಬ್ರು ಕೊನೆಗೆ ಕಬ್ಬಿಗೇ ಬಂದ್ರು' ಅಂದ್ರು.

ತೋಟ ನೋಡಬೇಕು ಅನ್ನೋರು ಅಕ್ಟೋಬರ್ ಎರಡನೇ ವಾರದ ಮೇಲೆ ಬನ್ನಿ. ಕಡ್ಡಿಗೆ ಹೈಡ್ರೋಜನ್ ಸೈನಮೈಡ್ ಅನ್ನೋ ರಾಸಾಯನಿಕ ಹಚ್ಚೋ ದಿನ ಮಾತ್ರ ಬೇಡ. ಕಡ್ಡಿ ಮೇಲಿನ ಕಣ್ಣು, ಅಂದ್ರೆ ಚಿಗುರೊಡೆಯೋ ಮೊಗ್ಗು, ಎಲ್ಲ ಒಟ್ಟಿಗೆ ಒಡೆಯಲಿ ಅಂತ ಹಚ್ಚೋದು ಅದು. ಮೈಗೆ ತಾಕಿದ ಮೇಲೆ ಸಂಜೆ ಒಂದು ಗುಟುಕು ಹಾಕಿದ್ರೂ ಮುಖ ಕೆಂಪಗಾಗಿ, ಎದೆ ಡವಗುಟ್ಟಿ, ಆಸ್ಪತ್ರೆ ಸೇರಬೇಕಾಗ್ತದೆ. ವೈನ್ ತೋಟದಲ್ಲಿ ಆ ಒಂದು ಕೆಲಸಕ್ಕೆ ಕುಡಿಯದ ಆಳು ಹುಡುಕ್ಕೊಂಡು ಊರೆಲ್ಲ ಸುತ್ತಬೇಕು. ಹೋದ ಸಲ ಇಬ್ಬರು ಸಿಕ್ಕಿದ್ರು, ಮೂರನೆಯವರು ನಮ್ಮವ್ವ.