ಎಸ್ಟಿಮೇಟ್‌ನಲ್ಲಿ ಮಣ್ಣಿಲ್ಲ

ಅಂತೂ ನಮ್ಮ ಗದುಗಿನ ಆ ಹಳೇ ವಾಡೆ, ಅಂದ್ರೆ ದೊಡ್ಡ ಮನೆ, ಟೆಂಡರ್ ಕರೆದು ಮಾಡಿಸಿದ ‘ಸಂರಕ್ಷಣೆ’ಯಲ್ಲಿ ಉಳೀತು. ಈಗ ಹೇಗಿದೆ ಗೊತ್ತಾ? ಗೋಡೆಗೆ ಗುಲಾಬಿ ಬಣ್ಣ, ಸಾಗುವಾನಿ ಕಂಬಕ್ಕೆ ಚಾಕೊಲೇಟ್ ಬಣ್ಣದ ಆಯಿಲ್ ಪೇಂಟ್, ಪಡಸಾಲೆಗೆ ಬಚ್ಚಲಿಗೆ ಹಾಕುವ ಟೈಲ್ಸ್. ಊರಿನ ಅತಿ ಹಳೆಯ ಮನೆ ಈಗ ಊರಿನ ಅತಿ ಹೊಸ ಮನೆ. ಎಲ್ಲರ ಕೈಲಿ ಆಗುವ ಕೆಲಸವೇ ಇದು?

ಎಷ್ಟು ಹಳೆಯದು ಅಂತ ಮಾತ್ರ ಕೇಳಬೇಡಿ. ಉದ್ಘಾಟನೆ ದಿನ ಮೊದಲು ಮಾತಾಡಿದವರು ಇನ್ನೂರು ವರ್ಷ ಅಂದರು. ಎರಡನೆಯವರು ಮುನ್ನೂರು. ಮೂರನೆಯವರ ಕೈಗೆ ಮೈಕ್ ಬರುವ ಹೊತ್ತಿಗೆ ಕುಮಾರವ್ಯಾಸ ಇಲ್ಲೇ ಉಂಡು ವೀರನಾರಾಯಣ ಗುಡಿಗೆ ಬರೆಯೋಕೆ ಹೋಗ್ತಿದ್ದ. ಇನ್ನೊಬ್ಬರು ಎದ್ದಿದ್ದರೆ ಊರ ದೇವರು ತ್ರಿಕೂಟೇಶ್ವರನೇ ಈ ಮನೆಯ ಬಾಡಿಗೆದಾರ ಆಗ್ತಿದ್ದ. ಪುಣ್ಯಕ್ಕೆ ಅಷ್ಟರಲ್ಲಿ ಮಿರ್ಚಿ ಬಂತು.

ಮಣ್ಣಿನ ಸೂರಿನ ಮಾಳಿಗೆ ಮನೆ ನಿಲ್ಲೋದು ಹೇಗೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ತೊಲೆ, ಮೇಲೆ ಜಂತಿ, ಅದರ ಮೇಲೆ ಹಲಗೆ, ಆಮೇಲೆ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು, ಅಂದ್ರೆ ಉಪ್ಪು ಮಣ್ಣು, ತಂದು ಹರವಬೇಕು. ಹುಲ್ಲು ಕೀಳಬೇಕು. ಸೋರಿದರೆ ಮೇಲೆ ಹೋಗಿ ಅಲ್ಲಿನ ಮಣ್ಣು ತುಳೀಬೇಕು. ಮಳೆ ಬಂದರೆ ಓಡಿ ಸೂರಿನ ಬೆಳಕಿಂಡಿ ಮುಚ್ಚಬೇಕು. ಇಷ್ಟೇ. ನಮ್ಮ ಸಂರಕ್ಷಕರು ಅದರ ಮೇಲೆ ಕಾಂಕ್ರೀಟ್ ಸುರಿದರು, ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರು. ಇನ್ನು ಒಳಗಿನ ತೇವಕ್ಕೆ ಹೊರಗೆ ಬರುವ ದಾರಿಯಿಲ್ಲ. ಗೋಡೆ ಒಳಗೊಳಗೇ ಸಡಿಲಾಗುತ್ತೆ, ಗೋಡೆಗಿಟ್ಟ ಜಂತಿಯ ತುದಿ ಕೊಳೆಯುತ್ತೆ. ಓಣಿಯ ಅಜ್ಜ ಒಬ್ಬರು ಇದನ್ನೇ ಹೇಳಿದರಂತೆ. ‘ಎಸ್ಟಿಮೇಟ್‌ನಲ್ಲಿ ಮಣ್ಣಿಗೆ ಐಟಂ ಇಲ್ಲ ಅಜ್ಜಾರ’ ಅಂತ ಉತ್ತರ ಬಂತು.

ಕಾನೂನು ಇಲ್ವಾ ಅಂದ್ರೆ, ಇದೆ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವ ಹಾಗಿಲ್ಲ. ಅದರಾಚೆ ಮತ್ತೆ 200 ಮೀಟರ್‌ವರೆಗೆ ಅನುಮತಿ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಇದು. ಲಕ್ಕುಂಡಿಯಲ್ಲಿ ಗುಡಿ ಪಕ್ಕದವರನ್ನು ಕೇಳಿ, ವಿವರವಾಗಿ ಹೇಳ್ತಾರೆ. ಯಾವ ಪಟ್ಟಿಯಲ್ಲೂ ಇಲ್ಲದ ಇಂಥ ಮನೆಗೆ ನಾಳೆ ಜೆಸಿಬಿ ಬಂದರೂ ಕೇಳೋರಿಲ್ಲ.

ಇರಲಿ, ನಗೋಣ ಅಂತಲೇ ಬರೆಯೋಕೆ ಕೂತೆ. ಆದರೆ ಆ ಕೆತ್ತನೆಯ ಬಾಗಿಲು ಎಲ್ಲಿ ಹೋಯ್ತು? ಈಗಿರೋದು ಪ್ಲೈವುಡ್. ಕೇಳಿದರೆ ‘ಹಳೇ ಕಟ್ಟಿಗೆ ವಿಲೇವಾರಿ’ ಅಂತಾರೆ. ಯಾರಿಗೆ, ಎಷ್ಟಕ್ಕೆ, ಹೇಳೋರಿಲ್ಲ. ಆ ಮನೆಯವರು ತಲೆಮಾರುಗಟ್ಟಲೆ ತಲೆ ಮೇಲೆ ಬುಟ್ಟಿ ಹೊತ್ತು ಮಾಳಿಗೆ ಹತ್ತಿದರು. ಕೈಲಾಗದೆ ಹೋದಾಗ ಒಂದು ಚಕ್ಕಡಿ ಸವುಳಿಗೆ ದುಡ್ಡು ಕೊಡಿ ಅಂತ ಅರ್ಜಿ ಹಿಡಿದು ಅಲೆದರು. ಕೊಡಲಿಲ್ಲ. ಕೊಟ್ಟಿದ್ದರೆ ಈ ಟೆಂಡರೂ ಬೇಕಿರಲಿಲ್ಲ, ಈ ಗುಲಾಬಿ ಬಣ್ಣವೂ ಬೇಕಿರಲಿಲ್ಲ.